ಬೀನ್ಸ್ ಎಲೆಯ ಅಡಿಯಲ್ಲಿ ಒಂದು ಮುಹೂರ್ತ, ಮೂರು ಗಂಡು

ಈ ಪ್ರಕರಣ ನಡೆದ ಜಾಗ ಒಂದು ರೂಪಾಯಿ ನಾಣ್ಯದಷ್ಟೂ ದೊಡ್ಡದಲ್ಲ. ನಮ್ಮ ತಾರಸಿಯ ಕುಂಡದಲ್ಲಿ ಬೆಳೆದ ಬೀನ್ಸ್ ಗಿಡದ ಒಂದು ಎಲೆ, ಅದರ ಅಡಿಭಾಗ, ನಡುನರದ ಪಕ್ಕದ ಒಂದು ಮೂಲೆ. ಪಾತ್ರಗಳು ನಾಲ್ಕು: ಒಂದು ಹೆಣ್ಣು ನುಸಿ, ಮೂರು ಗಂಡು. ಶುರುವಾದದ್ದು ಬೆಳಿಗ್ಗೆ 9.30ಕ್ಕೆ, ಮುಗಿದದ್ದು ಸಂಜೆ ದೀಪ ಹಚ್ಚುವ ಹೊತ್ತಿಗೆ. ನಡುವೆ ಎರಡು ಸಲ ಕಾಫಿ, ಒಂದು ಸಲ ಊಟ, ಮತ್ತೆ ಮತ್ತೆ "ಏನೋ ಅದು ಬೆಳಗಿಂದ ಅಷ್ಟೊಂದು ನೋಡ್ತಿದೀಯ?" ಅನ್ನುವ ಅಮ್ಮನ ಪ್ರಶ್ನೆ.

ಮಾರ್ಚ್ ತಿಂಗಳು. ಬೆಂಗಳೂರಲ್ಲಿ ಒಣಬಿಸಿಲು. ಎಲೆಗಳ ಮೇಲೆ ಸಣ್ಣ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ ಬಂದಿದ್ದವು. ಎಲೆ ತಿರುಗಿಸಿದರೆ ತೆಳ್ಳನೆಯ ಬಲೆ, ಅದರೊಳಗೆ ಓಡಾಡುವ ಧೂಳಿನ ಕಣಗಳು. ನುಸಿ ಅಂದ ತಕ್ಷಣ ಕೆಲವರಿಗೆ ಅಕ್ಕಿ ಡಬ್ಬದ ಹುಳು ನೆನಪಾಗಬಹುದು. ಇದು ಅದಲ್ಲ. ಇದು ಹುಳುವೇ ಅಲ್ಲ. ಎಂಟು ಕಾಲಿನ ಜೀವಿ, ಜೇಡ ಮತ್ತು ದನದ ಮೈಗೆ ಹತ್ತುವ ಉಣ್ಣೆಯ ನೆಂಟ. ಹೆಸರು ಎರಡು ಚುಕ್ಕೆಯ ಜೇಡ ನುಸಿ, ಟೆಟ್ರಾನಿಕಸ್ ಅರ್ಟಿಸೆ. ಜರ್ಮನಿಯ ಕೋಖ್ ಇದಕ್ಕೆ ಹೆಸರಿಟ್ಟದ್ದು 1836ರಲ್ಲಿ. ಇದು ತಿನ್ನುವ ಗಿಡಗಳ ಪಟ್ಟಿ 1,100 ಜಾತಿ ದಾಟಿದೆ. ದೊಡ್ಡಬಳ್ಳಾಪುರ, ಹೊಸೂರು ಕಡೆ ಪಾಲಿಹೌಸಿನಲ್ಲಿ ಗುಲಾಬಿ ಬೆಳೆಯುವವರನ್ನು ಕೇಳಿ, "ಮೈಟ್ಸ್" ಅಂದರೆ ಸಾಕು, ಮುಖ ಸಿಂಡರಿಸುತ್ತಾರೆ. ಬದನೆ, ಟೊಮೆಟೊ, ಬೆಂಡೆ ಹಾಕಿದವರಿಗೂ ಗೊತ್ತು.

ಗೆಳೆಯನೊಬ್ಬ ಹಳೆಯ ಸ್ಟೀರಿಯೊ ಮೈಕ್ರೋಸ್ಕೋಪ್ ಕೊಟ್ಟಿದ್ದ. ತಟ್ಟೆಯಲ್ಲಿ ಹತ್ತಿ ಹಾಸಿ, ನೀರಲ್ಲಿ ನೆನೆಸಿ, ಅದರ ಮೇಲೆ ಎಲೆಯನ್ನು ಬೋರಲು ಇಟ್ಟೆ. ಪ್ರಯೋಗಾಲಯದವರೂ ಹೀಗೇ ಮಾಡುತ್ತಾರೆ. ಎಲೆ ಬಾಡುವುದಿಲ್ಲ, ಸುತ್ತ ನೀರು ಇರುವುದರಿಂದ ನುಸಿಗಳು ಆಚೆ ಹೋಗುವುದೂ ಇಲ್ಲ. ನಾನು ಹುಡುಕುತ್ತಿದ್ದದ್ದು ಒಂದೇ ದೃಶ್ಯ. ಅಲ್ಲಾಡದೆ ಕೂತ ಹೆಣ್ಣು, ಅದರ ಮೇಲೆ ಕಾವಲು ಕೂತ ಗಂಡು.

ಮೂರನೇ ಜ್ವರದ ಹೆಣ್ಣು

ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ಪೊರೆ ಕಳಚುವ ಮುಂಚೆ ಮೇವು ಬಿಟ್ಟು ಸುಮ್ಮನೆ ಕೂರುವುದನ್ನು ಜ್ವರ ಅನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಈ ನುಸಿಗೂ ಅಂಥದ್ದೇ ಜ್ವರ ಇದೆ, ಒಟ್ಟು ಮೂರು. ಮೊಟ್ಟೆಯಿಂದ ಆರು ಕಾಲಿನ ಮರಿ ಹೊರಬರುತ್ತದೆ. ಸ್ವಲ್ಪ ದಿನ ಎಲೆಯ ರಸ ಹೀರಿ ಕೂತುಬಿಡುತ್ತದೆ. ಪೊರೆ ಕಳಚಿದಾಗ ಎಂಟು ಕಾಲು. ಮತ್ತೆ ತಿನ್ನು, ಮತ್ತೆ ಕೂರು. ಮೂರನೇ ಸಲ ಕೂತು ಎದ್ದರೆ ಅದು ಪ್ರಾಯಕ್ಕೆ ಬಂದ ನುಸಿ. ಸುಮಾರು 25 ಡಿಗ್ರಿ ಬಿಸಿಯಲ್ಲಿ ಮೊಟ್ಟೆಯಿಂದ ಇಲ್ಲಿಗೆ ಬರಲು 10 ದಿನ ಸಾಕು. ಬಿಸಿಲು ಏರಿದರೆ ಇನ್ನೂ ಬೇಗ.

ನನಗೆ ಸಿಕ್ಕ ಹೆಣ್ಣು ಮೂರನೇ ಜ್ವರದಲ್ಲಿತ್ತು. ಮುಂದಿನ ಕಾಲುಗಳನ್ನು ಮುಂದಕ್ಕೆ, ಹಿಂದಿನವನ್ನು ಹಿಂದಕ್ಕೆ ಚಾಚಿ, ಎಲೆಗೆ ಅಂಟಿಸಿದ ಹಾಗೆ ಬಿದ್ದಿತ್ತು. ಮುಟ್ಟಿದರೂ ಅಲ್ಲಾಡದು. ಓಡಿಹೋಗಲಾರದು, ಗಂಡನ್ನು ಬೇಡ ಅನ್ನಲೂ ಆರದು.

ಅದರ ಬೆನ್ನ ಮೇಲೆ ಒಂದು ಗಂಡು ಕೂತಿತ್ತು. ಈ ಜಾತಿಯ ಗಂಡು ನೋಡಲು ಬಡಕಲು. ಪ್ರಾಯದ ಹೆಣ್ಣು ಅರ್ಧ ಮಿಲಿಮೀಟರ್‌ನಷ್ಟಿದ್ದು ಗುಂಡಗಿದ್ದರೆ, ಗಂಡು ಮೂರನೇ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಹಿಂಭಾಗ ಚೂಪು, ಮೈಗೆ ಹೋಲಿಸಿದರೆ ಕಾಲು ಉದ್ದ. ಇದನ್ನು ದೊಡ್ಡವ ಅಂತ ಕರೆಯೋಣ, ಮೂರರಲ್ಲಿ ಮೈ ಸ್ವಲ್ಪ ದೊಡ್ಡದಿದ್ದದ್ದು ಇದರದೇ. ಆಗಾಗ ಬಂದು ಜಗಳ ತೆಗೆದದ್ದು ಮಾಸಲು ಬಣ್ಣದ ಇನ್ನೊಂದು, ಅದು ಮಾಸಲ. ಮೂರನೆಯದರ ಹಿಂಗಾಲಿನ ತುದಿ ಸೊಟ್ಟಗಿತ್ತು, ಅದು ಸೊಟ್ಟ. ನುಸಿಗೆ ಹೆಸರಿಡುವುದು ಬಾಲಿಶ ಅಂತ ಗೊತ್ತು. ಆದರೆ ಹೆಸರಿಡದೆ ಎಂಟು ಗಂಟೆ ನೋಡಿದರೆ ಯಾವುದು ಯಾವುದು ಅಂತ ತಿಳಿಯುವುದಿಲ್ಲ.

ಮೂರಕ್ಕೆ ಒಂದು ಇದ್ದರೂ ಜಗಳ ಯಾಕೆ

ಇಲ್ಲೊಂದು ವಿಚಿತ್ರ ಇದೆ. ಈ ನುಸಿಗಳಲ್ಲಿ ಹೆಣ್ಣೇ ಜಾಸ್ತಿ. ಸಾಮಾನ್ಯವಾಗಿ ಮೂರು ಹೆಣ್ಣಿಗೆ ಒಂದು ಗಂಡು. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲದು. ಲೆಕ್ಕದ ಪ್ರಕಾರ ಗಂಡುಗಳು ಹಾಯಾಗಿರಬೇಕಿತ್ತು. ಆದರೂ ಒಂದು ಹೆಣ್ಣಿನ ಸುತ್ತ ಎರಡು ಮೂರು ಗಂಡು ಕಿತ್ತಾಡುತ್ತವೆ.

ಕಾರಣ ಹೆಣ್ಣಿನ ಸಂಖ್ಯೆಯಲ್ಲಿಲ್ಲ, ಗಡಿಯಾರದಲ್ಲಿದೆ. ಈ ಜಾತಿಯಲ್ಲಿ ಮೊದಲು ಕೂಡಿದ ಗಂಡಿನ ವೀರ್ಯವೇ ಹೆಣ್ಣಿನ ಮೊಟ್ಟೆಗಳಿಗೆಲ್ಲ ಸಲ್ಲುತ್ತದೆ. 1967ರಲ್ಲಿ ಹೆಲ್ಲೆ ಅನ್ನುವ ಡಚ್ ವಿಜ್ಞಾನಿ ಇದನ್ನು ತೋರಿಸಿಕೊಟ್ಟರು. ಎರಡನೆಯ ಗಂಡು ಆಮೇಲೆ ಬಂದು ಕೂಡಬಹುದು, ಹೆಣ್ಣು ಒಪ್ಪಲೂಬಹುದು. ಆದರೆ ಮಕ್ಕಳು ಮೊದಲನೆಯದಕ್ಕೇ. ಮೊದಲ ಕೂಟ ತೀರಾ ಶುರುವಿನಲ್ಲೇ ಅರ್ಧಕ್ಕೆ ನಿಂತರೆ ಮಾತ್ರ ಎರಡನೆಯದಕ್ಕೆ ಅವಕಾಶ.

ಅಂದರೆ ಹೆಣ್ಣಿನ ಬದುಕು ಮೂರು ನಾಲ್ಕು ವಾರವಿದ್ದರೂ ಗಂಡಿನ ಪಾಲಿಗೆ ಅದಕ್ಕೆ ಬೆಲೆ ಇರುವುದು ಕೆಲವೇ ನಿಮಿಷ. ಪೊರೆ ಕಳಚಿ ಹೊರಬಂದ ಆ ಹೊತ್ತು, ಅಷ್ಟೇ. ಮದುವೆ ಮನೆಯ ಮುಹೂರ್ತ ಇದ್ದ ಹಾಗೆ. ಎಲೆ ಮೇಲೆ ನೂರು ಹೆಣ್ಣು ಓಡಾಡುತ್ತಿದ್ದರೂ ಅವುಗಳಲ್ಲಿ ಬಹುಪಾಲಿನ ಮುಹೂರ್ತ ಮುಗಿದಿರುತ್ತದೆ. ಗಂಡುಗಳಿಗೆ ಮಾತ್ರ ಮುಹೂರ್ತ ಮುಗಿಯುವುದೇ ಇಲ್ಲ, ಸಾಯುವವರೆಗೂ ಸಾಲಿನಲ್ಲೇ ನಿಂತಿರುತ್ತವೆ. ತಲೆ ಎಣಿಸಿದರೆ ಹೆಣ್ಣು ಜಾಸ್ತಿ. ಈ ಕ್ಷಣಕ್ಕೆ ಯಾರು ಸಿಗುತ್ತಾರೆ ಅಂತ ಎಣಿಸಿದರೆ ಗಂಡು ಜಾಸ್ತಿ.

ಹಾಗಾಗಿ ಮುಂಚೆಯೇ ಹೋಗಿ ಜಾಗ ಹಿಡಿಯಬೇಕು. ಬಸ್ ನಿಂತ ಕೂಡಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೀವಲ್ಲ, ಹಾಗೆ. ಒಂದೇ ವ್ಯತ್ಯಾಸ, ಇಲ್ಲಿ ಟವೆಲ್ಲಿಗೆ ಯಾರೂ ಮರ್ಯಾದೆ ಕೊಡುವುದಿಲ್ಲ. ತಾನೇ ಕೂರಬೇಕು. ಗಂಟೆಗಟ್ಟಲೆ.

ಗಂಡುಗಳು ಹೆಣ್ಣಿಗಿಂತ ಸ್ವಲ್ಪ ಬೇಗ ಬೆಳೆದು ತಯಾರಾಗಿರುತ್ತವೆ. ಜ್ವರದ ಹೆಣ್ಣು ಬಿಡುವ ವಾಸನೆ ಮತ್ತು ಅದು ನೇಯ್ದ ಬಲೆ ಇವಕ್ಕೆ ದಾರಿ ತೋರಿಸುತ್ತವೆ. ಆಯ್ಕೆಯಲ್ಲೂ ಜಾಣತನ ಇದೆ. ಈಗಷ್ಟೇ ಜ್ವರಕ್ಕೆ ಕೂತ ಹೆಣ್ಣಿಗಿಂತ, ಏಳುವ ಹೊತ್ತು ಹತ್ತಿರವಾದ ಹೆಣ್ಣಿನ ಕಡೆಗೇ ಒಲವು ಜಾಸ್ತಿ. ಒಂದರ ಮೇಲೆ ಕೂತಷ್ಟು ಹೊತ್ತು ಇನ್ನೊಂದನ್ನು ಹುಡುಕಲಾಗದು, ಅಲ್ವಾ? ಕಾಯುವುದಕ್ಕೂ ಖರ್ಚಿದೆ.

ಕುಸ್ತಿ

ಬೆಳಿಗ್ಗೆ 10 ಗಂಟೆಯ ಸುಮಾರಿಗೆ ಮಾಸಲ ಬಂತು. ದೊಡ್ಡವ ತಕ್ಷಣ ಹೆಣ್ಣಿನ ಬೆನ್ನಿಂದ ಇಳಿಯಿತು. ಎರಡೂ ಮುಂಗಾಲು ಎತ್ತಿ ಎದುರುಬದುರು ನಿಂತವು. ಮೊದಲು ಬರೀ ಕಾಲಿನಲ್ಲಿ ತಟ್ಟಾಟ. ಆಮೇಲೆ ತಲೆಗೆ ತಲೆ ಕೊಟ್ಟು ನೂಕಾಟ. ಎಲೆಯ ರಸ ಹೀರುವ ಸೂಜಿಯಂಥ ಬಾಯಿ ಇವಕ್ಕೆ ಈಟಿಯೂ ಹೌದು, ಅದನ್ನು ಚಾಚಿ ತಿವಿಯಲು ನೋಡುತ್ತವೆ. ಜೇಡ ನೂಲು ಬಿಡುವುದು ಹಿಂಭಾಗದಿಂದ. ಈ ನುಸಿಗೆ ನೂಲು ಬರುವುದು ಬಾಯಿಯ ಪಕ್ಕದ ಕಿರುಗೈಯ ತುದಿಯಿಂದ. ಹಾಗಾಗಿ ಎದುರಾಳಿಯ ಮುಖಕ್ಕೇ ನೂಲು ಸುತ್ತಿ ಸಿಕ್ಕಿಸಲು ಆಗುತ್ತದೆ.

ನಾನು ನೋಡಿದ ಮೊದಲ ಸುತ್ತು ಒಂದು ನಿಮಿಷವೂ ಇರಲಿಲ್ಲ. ಮಾಸಲ ಹಿಂದೆ ಸರಿಯಿತು, ದೊಡ್ಡವ ವಾಪಸ್ ಬೆನ್ನೇರಿತು. ಹೆಚ್ಚಿನ ಜಗಳ ಹೀಗೇ ಮುಗಿಯುತ್ತದೆ. ಎಲ್ಲವೂ ಅಲ್ಲ. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಟರ್, ರೆಂಚ್, ಜಾನ್‌ಸ್ಟನ್ ಎಂಬ ಮೂವರು 1976ರಲ್ಲಿ ಈ ಕಾಳಗವನ್ನು ವಿವರವಾಗಿ ಬರೆದರು. ಕಾಲು, ಬಾಯಿ, ನೂಲು ಮೂರೂ ಆಯುಧ. ಮೈ ದೊಡ್ಡದಿದ್ದರೆ ಗೆಲುವು ಜಾಸ್ತಿ. ಕೆಲವು ಸಲ ಒಂದು ಸತ್ತೇ ಹೋಗುತ್ತದೆ. ಎಲೆ ಹಳದಿ ಮಾಡುವ ಧೂಳಿನ ಕಣ ಅಂತ ನಾವು ನೀರು ಹೊಡೆದು ತೊಳೆಯುವ ಜೀವಿಯ ಬಗ್ಗೆ ಈ ಮಾತು.

ಇನ್ನೊಂದು ವಿಷಯ. ಒಂದು ಎಲೆ ಮೇಲಿನ ನುಸಿಗಳು ಅನೇಕ ಸಲ ಒಂದೇ ತಾಯಿಯ ಮಕ್ಕಳಾಗಿರುತ್ತವೆ. ಗಾಳಿಗೆ ತೇಲಿ ಬಂದ ಒಂದೇ ಹೆಣ್ಣು ಸಾಕು, ಇಡೀ ಗಿಡ ತುಂಬಲು. ಆಗ ಕಿತ್ತಾಡುವವರು ಅಣ್ಣತಮ್ಮಂದಿರೇ ಆಗುತ್ತಾರೆ, ಹೆಣ್ಣು ತಂಗಿಯೇ ಆಗಿರುತ್ತದೆ. ತಾಯಿಯ ಕಡೆಯಿಂದ ನೋಡಿದರೆ ಈ ಜಗಳ ಶುದ್ಧ ದಂಡ. ಯಾವ ಮಗ ಗೆದ್ದರೂ ಮೊಮ್ಮಕ್ಕಳು ಅಷ್ಟೇ. ಹಾಗಾದರೆ ಗಂಡು ಮಕ್ಕಳನ್ನು ಕಡಿಮೆ ಹೆತ್ತು ಹೆಣ್ಣನ್ನೇ ಜಾಸ್ತಿ ಹೆರುವುದು ಲಾಭ. 1967ರಲ್ಲಿ ಬ್ರಿಟನ್ನಿನ ವಿಲಿಯಂ ಹ್ಯಾಮಿಲ್ಟನ್ ಈ ತರ್ಕವನ್ನು ಲೆಕ್ಕ ಹಾಕಿ ತೋರಿಸಿದ್ದರು. ಮೂರಕ್ಕೆ ಒಂದು ಅನ್ನುವ ಪ್ರಮಾಣ ಎಲ್ಲಿಂದ ಬಂತು ಅನ್ನುವುದಕ್ಕೆ ಉತ್ತರದ ದೊಡ್ಡ ಪಾಲು ಅದರಲ್ಲಿದೆ.

ಜಪಾನಿನಲ್ಲಿ ಎತ್ತರದ ಹುಲ್ಲಿನ ಎಲೆ ಮೇಲೆ ಗೂಡು ನೇಯ್ದು ಒಟ್ಟಿಗೆ ಬಾಳುವ ಇನ್ನೊಂದು ಜಾತಿಯ ಜೇಡ ನುಸಿ ಇದೆ. ಅಲ್ಲಿ ಗಂಡುಗಳು ಒಂದನ್ನೊಂದು ಕೊಲ್ಲುವುದು ಮಾಮೂಲು. ಆದರೆ ಚಳಿಗಾಲ ಕಠಿಣವಾಗಿರುವ ಊರುಗಳಲ್ಲಿ ಈ ಕೊಲೆ ಕಡಿಮೆ. ಅಂಥ ಕಡೆ ಗೂಡಿನೊಳಗಿನ ರಕ್ತಸಂಬಂಧ ಹತ್ತಿರದ್ದಾಗಿರುತ್ತದೆ ಅನ್ನುವುದು ವಿವರಣೆ. ಅಣ್ಣತಮ್ಮಂದಿರ ಜಗಳಕ್ಕೂ ಹವಾಮಾನಕ್ಕೂ ಇಂಥ ನಂಟಿರುತ್ತದೆ ಅಂತ ನಾನಂತೂ ಎಣಿಸಿರಲಿಲ್ಲ.

ಸೊಟ್ಟ ಬಂದದ್ದು

ಮಧ್ಯಾಹ್ನ ಮಾಸಲ ಮತ್ತೆ ಬಂತು. ಈ ಸಲ ದೊಡ್ಡವ ಅದನ್ನು ಅಟ್ಟಿಸಿಕೊಂಡು ನರದ ಆಚೆಯವರೆಗೂ ಹೋಯಿತು. ಅಷ್ಟರಲ್ಲಿ ಸೊಟ್ಟ ನಿಧಾನವಾಗಿ ಬಂದು ಹೆಣ್ಣಿನ ಹಿಂಭಾಗದ ಪಕ್ಕ ಕೂತಿತು. ದೊಡ್ಡವ ವಾಪಸ್ ಬಂದಾಗ ಈಗ ಶುರುವಾಗುತ್ತದೆ ಅಂದುಕೊಂಡು ಉಸಿರು ಹಿಡಿದು ನೋಡಿದೆ.

ಏನೂ ಆಗಲಿಲ್ಲ.

ದೊಡ್ಡವ ಸೊಟ್ಟವನ್ನು ಕಾಲಿನಲ್ಲಿ ಮುಟ್ಟಿತು. ಸೊಟ್ಟ ಅಲ್ಲಾಡಲಿಲ್ಲ. ಕಾಲು ಎತ್ತಲೂ ಇಲ್ಲ, ಓಡಲೂ ಇಲ್ಲ. ದೊಡ್ಡವ ಸುಮ್ಮನೆ ತನ್ನ ಜಾಗಕ್ಕೆ ಹತ್ತಿತು. ಎರಡೂ ಒಂದೇ ಹೆಣ್ಣನ್ನು ಕಾಯುತ್ತಾ ಕೂತವು.

ಇದು ನಾನೊಬ್ಬನೇ ಕಂಡ ಪವಾಡವೇನಲ್ಲ. 2010ರ ದಶಕದಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಯುಕಿಎ ಸಾಟೊ, ಮಾರಿಸ್ ಸಾಬೆಲಿಸ್ ಮತ್ತು ಜೊತೆಗಾರರು ಇದೇ ಜಾತಿಯ ಗಂಡುಗಳನ್ನು ವಿಡಿಯೊ ಹಿಡಿದು ಮೂರು ಬಗೆ ಗುರುತಿಸಿದ್ದರು. ಒಂದು, ಜಾಗ ಕಾಯುವ ಜಗಳಗಂಟ. ಬೇರೆ ಗಂಡು ಬಂದ ಕೂಡಲೇ ಕಾಳಗಕ್ಕೆ ಇಳಿಯುತ್ತದೆ. ಇನ್ನೊಂದು, ಕೂತರೆ ಕೂತದ್ದೇ. ಯಾರು ಬಂದರೂ ಕದಲುವುದಿಲ್ಲ, ಜಗಳ ಆಡುವುದೇ ಇಲ್ಲ. ಅಚ್ಚರಿ ಏನೆಂದರೆ ಬೇರೆ ಗಂಡುಗಳೂ ಅದರ ಮೇಲೆ ಬೀಳುವುದಿಲ್ಲ. ಮೂರನೆಯದು ಅಲೆಮಾರಿ. ಕಾವಲು ಕಾಯುವ ಗೋಜಿಗೇ ಹೋಗದೆ, ಇನ್ನೇನು ಏಳುತ್ತದೆ ಅನ್ನುವ ಹೆಣ್ಣನ್ನು ಹುಡುಕುತ್ತಾ ಸುತ್ತುತ್ತದೆ.

ಎರಡನೇ ಬಗೆಯನ್ನು ಅವರು ಕರೆದದ್ದು ಕದ್ದು ನುಸುಳುವವ ಅನ್ನುವ ಅರ್ಥದಲ್ಲಿ. ನನಗೆ ಆ ಹೆಸರು ಅಷ್ಟು ಸರಿ ಅನಿಸುವುದಿಲ್ಲ. ಸೊಟ್ಟ ಏನನ್ನೂ ಕದಿಯಲಿಲ್ಲ, ಎಲ್ಲರ ಎದುರೇ ಬಂದು ಕೂತಿತು. ಹಳ್ಳಿಯ ಪಂಚಾಯ್ತಿ ಕಟ್ಟೆ ಮೇಲೆ ಹೀಗೆ ಕೂರುವವರು ಇರುತ್ತಾರಲ್ಲ. ಯಾರ ಪರವೂ ಮಾತಾಡದೆ, ಯಾರ ವಿರೋಧವೂ ಕಟ್ಟಿಕೊಳ್ಳದೆ, ಕೊನೆಗೆ ಕೆಲಸ ಮಾತ್ರ ಮಾಡಿಸಿಕೊಂಡು ಹೋಗುವವರು.

ಯಾವ ಗಂಡು ಯಾವ ಬಗೆ ಅಂತ ತಿಳಿಯಲು ಅವರು ಕಂಡುಕೊಂಡ ಉಪಾಯ ನನಗೆ ತುಂಬಾ ಇಷ್ಟ. ಬ್ರಷ್ಷಿನ ತುದಿಗೆ ಒಂದು ಜೀವಂತ ಗಂಡು ನುಸಿಯನ್ನು ಅಂಟಿಸಿ, ಕಾವಲು ಕೂತ ಗಂಡಿಗೆ ಅದರಿಂದ ತಿವಿಯುವುದು. ಎದ್ದು ಬಂದರೆ ಜಗಳಗಂಟ, ಕೂತೇ ಇದ್ದರೆ ಇನ್ನೊಂದು ಬಗೆ. ಹೀಗೆ ಬೇರೆ ಮಾಡಿದ ಗಂಡುಗಳ ಮುಂಗಾಲು, ಬಾಯಿಸೂಜಿ, ಕಿರುಗೈ, ಮೈಉದ್ದ ಎಲ್ಲವನ್ನೂ ಅಳೆದರು. ಯಾವುದರಲ್ಲೂ ವ್ಯತ್ಯಾಸ ಸಿಗಲಿಲ್ಲ. ಮೈ ಒಂದೇ, ನಡವಳಿಕೆ ಬೇರೆ.

ಎಲ್ಲ ನುಸಿಗಳಲ್ಲೂ ಹೀಗಿಲ್ಲ. ಈರುಳ್ಳಿ, ಬೆಳ್ಳುಳ್ಳಿಯಂಥ ಗೆಡ್ಡೆಗಳಲ್ಲಿ ಇರುವ ಗೆಡ್ಡೆ ನುಸಿಯಲ್ಲಿ ಎರಡು ಥರದ ಗಂಡುಗಳನ್ನು ಕಣ್ಣಿನಲ್ಲೇ ಗುರುತಿಸಬಹುದು. ಕಾಳಗದ ಗಂಡಿಗೆ ಮೂರನೇ ಜೋಡಿ ಕಾಲು ದಪ್ಪ, ತುದಿ ಚೂಪು, ಅದರಿಂದ ಎದುರಾಳಿಯನ್ನು ಹಿಡಿದು ಚುಚ್ಚಿ ಕೊಲ್ಲಬಲ್ಲದು. ಸಾಧು ಗಂಡಿಗೆ ಮಾಮೂಲಿ ಕಾಲು. ಪೋಲೆಂಡಿನ ಯಾಚೆಕ್ ರಾಡ್ವಾನ್ ಇವುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅದರ ಹತ್ತಿರದ ಇನ್ನೊಂದು ನುಸಿಯಲ್ಲಿ, ಗುಂಪು ಚಿಕ್ಕದಿದ್ದರೆ ಕಾಳಗದ ಗಂಡು ಹುಟ್ಟುತ್ತದೆ, ಗುಂಪು ದೊಡ್ಡದಾದರೆ ಗುಂಪಿನ ವಾಸನೆಯೇ ಅದನ್ನು ತಡೆದು ಸಾಧು ಗಂಡಾಗಿಸುತ್ತದೆ. ಲೆಕ್ಕ ಸರಳ. ನಾಲ್ಕು ಎದುರಾಳಿಗಳಿದ್ದರೆ ನಾಲ್ಕನ್ನೂ ಮುಗಿಸಿ ಊರಿಗೆ ಒಬ್ಬನೇ ಗಂಡಾಗಬಹುದು. ನಾನೂರು ಇದ್ದರೆ ಎಷ್ಟು ಅಂತ ಕೊಲ್ಲುವುದು?

ಸೊಟ್ಟದ ವಿಷಯಕ್ಕೆ ಬರೋಣ. ದೊಡ್ಡವ ಅದನ್ನು ಯಾಕೆ ಬಿಟ್ಟಿತು? ನನ್ನ ಊಹೆ ಹೀಗೆ. ಗಂಡು ನುಸಿಗೆ ಎದುರಾಳಿ ಅಂದರೆ ಅಲ್ಲಾಡುವ ವಸ್ತು. ಕಾಲು ಎತ್ತುವುದು, ತಟ್ಟುವುದು, ಓಡುವುದು, ಇವೇ ಜಗಳದ ಭಾಷೆ. ಆ ಭಾಷೆಯನ್ನೇ ಆಡದ ಗಂಡು ಹೆಣ್ಣಿನ ಮೈಯ ಒಂದು ಭಾಗದ ಹಾಗೆ ಕಾಣಬಹುದು. ಜ್ವರದ ಹೆಣ್ಣೂ ಅಲ್ಲಾಡುವುದಿಲ್ಲವಲ್ಲ.

ಬೆಳ್ಳಿ ಬಣ್ಣ

ಸಂಜೆ 5 ಗಂಟೆ ದಾಟುತ್ತಿದ್ದಂತೆ ಹೆಣ್ಣಿನ ಬಣ್ಣ ಬದಲಾಯಿತು. ಅಲ್ಲಿಯವರೆಗೆ ಮಬ್ಬು ಹಸಿರಾಗಿದ್ದ ಮೈ ಬೆಳ್ಳಿಯ ಹಾಗೆ ಹೊಳೆಯತೊಡಗಿತು. ಹಳೆ ಪೊರೆ ಮತ್ತು ಹೊಸ ಮೈಯ ನಡುವೆ ಗಾಳಿ ಸೇರಿದಾಗ ಹೀಗಾಗುತ್ತದೆ. ಮುಹೂರ್ತ ಬಂತು ಅಂತ ಅರ್ಥ.

ದೊಡ್ಡವಕ್ಕೆ ಚಡಪಡಿಕೆ ಶುರುವಾಯಿತು. ಹೆಣ್ಣಿನ ಮೈ ಮೇಲೆ ಮುಂಗಾಲಿನಿಂದ ತಬಲಾ ಬಾರಿಸಿದ ಹಾಗೆ ತಟ್ಟತೊಡಗಿತು. ಪೊರೆ ನಡುವಿನಲ್ಲಿ ಅಡ್ಡಲಾಗಿ ಬಿರಿಯಿತು. ಒಂದು ಅಂಗಿ, ಒಂದು ಲುಂಗಿ ಅನ್ನುವ ಹಾಗೆ ಎರಡು ತುಂಡು.

ಆ ಹೊತ್ತಿಗೇ ಮಾಸಲ ಮೂರನೇ ಸಲ ಬಂತು. ದೊಡ್ಡವ ತಿರುಗಿ ಮುಂಗಾಲು ಎತ್ತಿತು. ಅಭ್ಯಾಸ ಬಲ.

ಸೊಟ್ಟ ತಿರುಗಿ ನೋಡಲಿಲ್ಲ. ಹೆಣ್ಣಿನ ಹಿಂಭಾಗದ ಪೊರೆಯನ್ನು ಬಾಯಿಯ ಕಿರುಗೈಗಳಲ್ಲಿ ಹಿಡಿದು ಹಿಂದಕ್ಕೆ ಎಳೆಯತೊಡಗಿತು. ಲುಂಗಿಯ ತುಂಡು ಕಳಚಿತು. ಹೆಣ್ಣಿನ ತಲೆ, ಮುಂಗಾಲು ಇನ್ನೂ ಹಳೆ ಅಂಗಿಯೊಳಗೇ ಸಿಕ್ಕಿಕೊಂಡಿದ್ದವು.

ವಿಯೆನ್ನಾ ವಿಶ್ವವಿದ್ಯಾಲಯದ ಪೀಟರ್ ಶಾಸ್‌ಬರ್ಗರ್ ಮತ್ತು ಜೊತೆಗಾರರು ಇದನ್ನು ವಿವರವಾಗಿ ಪ್ರಕಟಿಸಿದ್ದು 2023ರಲ್ಲಿ. ಕಾವಲು ಕೂತ ಗಂಡು ಬರೀ ಕಾಯುವುದಿಲ್ಲ, ಹೆಣ್ಣಿನ ಪೊರೆಯನ್ನು ತಾನೇ ಎಳೆದು ಬಿಚ್ಚುತ್ತದೆ, ಅದರಿಂದ ಹೆಣ್ಣು ಬೇಗ ಹೊರಬರುತ್ತದೆ ಅಂತ ಅವರು ತೋರಿಸಿದರು. ಎಳೆಯುವುದು ಹಿಂದಿನ ತುಂಡನ್ನು, ಯಾಕೆಂದರೆ ಅದಕ್ಕೆ ಬೇಕಾದದ್ದು ಅಲ್ಲಿದೆ. ಈ ಜೀವಿಯನ್ನು ಜನ ಸುಮಾರು ಇನ್ನೂರು ವರ್ಷದಿಂದ ನೋಡುತ್ತಿದ್ದಾರೆ, ಲೆಕ್ಕವಿಲ್ಲದಷ್ಟು ಪ್ರಯೋಗಾಲಯಗಳಲ್ಲಿ ಸಾಕುತ್ತಿದ್ದಾರೆ. ಆದರೂ ಇಷ್ಟು ಸ್ಪಷ್ಟವಾದ ನಡವಳಿಕೆಯ ಬಗ್ಗೆ ಪೂರ್ತಿ ಬರಹ ಬರಲು ಇಷ್ಟು ಕಾಲ ಹಿಡಿಯಿತು.

ಈ ನುಸಿಗಳಲ್ಲಿ ಕೂಡುವ ಭಂಗಿ ನಾವು ಊಹಿಸಿದ್ದಕ್ಕೆ ತಿರುಗಮುರುಗ. ಗಂಡು ಹಿಂದಿನಿಂದ ಹೆಣ್ಣಿನ ಹೊಟ್ಟೆಯ ಕೆಳಗೆ ನುಸುಳಿ, ತನ್ನ ಚೂಪಾದ ಹಿಂಭಾಗವನ್ನು ಚೇಳಿನ ಕೊಂಡಿಯ ಹಾಗೆ ಮೇಲಕ್ಕೆ ಬಾಗಿಸುತ್ತದೆ. ಸೊಟ್ಟ ಅದನ್ನೇ ಮಾಡಿತು. ದೊಡ್ಡವ ಮಾಸಲನ್ನು ಓಡಿಸಿ ವಾಪಸ್ ಬರುವಾಗ ಕೆಲಸ ನಡೆದಿತ್ತು. ಈ ಸಲ ಅದು ಸುಮ್ಮನಿರಲಿಲ್ಲ, ಎರಡರ ಸುತ್ತ ಸುತ್ತಿತು, ಕಾಲಿನಿಂದ ತಟ್ಟಿತು. ಹೆಣ್ಣಿನ ಕೆಳಗೆ ಅಡಗಿದ ಸೊಟ್ಟಕ್ಕೆ ಅದು ತಟ್ಟಲೇ ಇಲ್ಲ. ಕೆಲವು ನಿಮಿಷಗಳಾದ ಮೇಲೆ ಸೊಟ್ಟ ಹೊರಬಂದು ಹೋಯಿತು. ದೊಡ್ಡವ ಹೆಣ್ಣಿನ ಹತ್ತಿರ ಹೋಗಿ ಮುಟ್ಟಿ ನೋಡಿತು. ಹೆಣ್ಣು ನಡೆದುಬಿಟ್ಟಿತು. ಅಂಗಿಯ ತುಂಡು ಅಲ್ಲೇ ಬಿದ್ದಿತ್ತು, ಬೆಳ್ಳಗೆ.

ಬೆಳಗ್ಗೆಯಿಂದ ಮೂರು ಕುಸ್ತಿ ಗೆದ್ದ ಗಂಡಿಗೆ ಸಿಕ್ಕಿದ್ದು ಒಂದು ತುಂಡು ಪೊರೆ. ನನಗೆ ನಿಜವಾಗಿಯೂ ಬೇಜಾರಾಯಿತು, ನಗಬೇಡಿ.

ನಮ್ಮ ಬೆಳೆಗಳ ಇನ್ನಿಬ್ಬರು

ಇದೇ ಮುಹೂರ್ತದ ಸಮಸ್ಯೆಗೆ ಬೇರೆ ನುಸಿಗಳು ಕಂಡುಕೊಂಡ ಉತ್ತರ ಬೇರೆ. ಮೆಣಸಿನಕಾಯಿ ಬೆಳೆಯುವವರಿಗೆ ಮುಟುರು ರೋಗ ಗೊತ್ತು. ಎಲೆ ಮುದುಡಿ ದೋಣಿಯ ಹಾಗಾಗುವುದಕ್ಕೆ ಥ್ರಿಪ್ಸ್ ಅನ್ನುವ ಕಿರುಕೀಟದ ಜೊತೆ ಒಂದು ಹಳದಿ ನುಸಿಯೂ ಕಾರಣ. ಅದರ ಗಂಡು ಜ್ವರದ ಹೆಣ್ಣಿನ ಪಕ್ಕ ಕಾಯುತ್ತಾ ಕೂರುವುದಿಲ್ಲ. ಹೆಣ್ಣನ್ನು ತನ್ನ ಹಿಂಭಾಗಕ್ಕೆ ಸಿಕ್ಕಿಸಿಕೊಂಡು, ಮೇಲಕ್ಕೆ ಎತ್ತಿ, ಎಳೆ ಚಿಗುರಿನ ಕಡೆಗೆ ಹೊತ್ತುಕೊಂಡು ಓಡುತ್ತದೆ. ಸೀಟು ಹಿಡಿಯುವುದಲ್ಲ, ಸೀಟನ್ನೇ ಕಿತ್ತುಕೊಂಡು ಹೋಗುವುದು. ಚಿಗುರಿಗೆ ರೋಗ ಬೇಗ ಹರಡುವುದರಲ್ಲಿ ಈ ಹೊತ್ತೊಯ್ಯುವಿಕೆಗೂ ಪಾಲಿದೆ.

ತೆಂಗಿನಕಾಯಿಗೆ ಕಂದು ಕಲೆ, ಬಿರುಕು ತರುವ ನುಸಿಯ ಬಳಗದಲ್ಲಿ ಗಂಡು ಹೆಣ್ಣು ಭೇಟಿಯೇ ಆಗಬೇಕಿಲ್ಲ. ಗಂಡು ವೀರ್ಯದ ಚಿಕ್ಕ ಗಂಟುಗಳನ್ನು ನಡೆದಾಡುವ ಜಾಗದಲ್ಲಿ ನೆಟ್ಟು ಹೋಗುತ್ತದೆ, ಹೆಣ್ಣು ಬಂದು ಎತ್ತಿಕೊಳ್ಳುತ್ತದೆ. ಕುಸ್ತಿಯೂ ಇಲ್ಲ, ಕಾವಲೂ ಇಲ್ಲ.

ಇಂಥ ವಿಷಯಗಳನ್ನು ಕೆದಕುವ ಕೆಲಸ ನಮ್ಮಲ್ಲೂ ಹಳೆಯದು. ಕೃಷಿಗೆ ಸಂಬಂಧಿಸಿದ ನುಸಿಗಳ ಅಖಿಲ ಭಾರತ ಸಂಶೋಧನಾ ಜಾಲದ ಕೇಂದ್ರ ಇರುವುದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯಲ್ಲಿ. 1986ರಲ್ಲಿ ನುಸಿ ವಿಜ್ಞಾನಿಗಳ ಏಳನೆಯ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದೂ ಬೆಂಗಳೂರಿನಲ್ಲೇ.

ಸೊಟ್ಟ ನಿಜವಾಗಿ ಗೆದ್ದಿತೇ?

ಕೂಡಿದ್ದನ್ನು ಕಂಡರೆ ಸಾಲದು, ಮೊಟ್ಟೆಗೆ ವೀರ್ಯ ತಲುಪಿತೇ ಅಂತ ನೋಡಬೇಕು. ಈ ನುಸಿಯಲ್ಲಿ ಆ ಪರೀಕ್ಷೆ ತುಂಬಾ ಸುಲಭ. ಯಾಕೆಂದರೆ ಇಲ್ಲಿ ಗಂಡಿಗೆ ಅಪ್ಪನೇ ಇಲ್ಲ.

ವೀರ್ಯ ಸೇರಿದ ಮೊಟ್ಟೆ ಹೆಣ್ಣಾಗುತ್ತದೆ, ಸೇರದ ಮೊಟ್ಟೆ ಗಂಡಾಗುತ್ತದೆ. ಹೆಣ್ಣಿಗೆ ಆರು ಕ್ರೋಮೋಸೋಮ್, ಗಂಡಿಗೆ ಮೂರೇ. ಗಂಡನ್ನು ಕಾಣದ ಹೆಣ್ಣೂ ಮೊಟ್ಟೆ ಇಡುತ್ತದೆ, ಎಲ್ಲವೂ ಗಂಡು. ಅಂದರೆ ಗಂಡು ನುಸಿಗೆ ಹೆಣ್ಣು ಮಕ್ಕಳು ಹುಟ್ಟಬಹುದೇ ಹೊರತು ಗಂಡು ಮಕ್ಕಳು ಹುಟ್ಟುವುದೇ ಇಲ್ಲ. ದೊಡ್ಡವ, ಮಾಸಲ, ಸೊಟ್ಟ ಇಷ್ಟೆಲ್ಲ ಹೊಡೆದಾಡಿದ್ದು ಹೆಣ್ಣು ಮಕ್ಕಳಿಗಾಗಿ.

ಔಷಧಿ ಹೊಡೆಯುವವರಿಗೂ ಇದು ಮುಖ್ಯ. ಗಂಡಿನಲ್ಲಿ ಪ್ರತಿ ಜೀನ್‌ಗೂ ಒಂದೇ ಪ್ರತಿ. ವಿಷ ತಡೆಯುವ ಜೀನ್ ಇದ್ದರೆ ಅದು ಇನ್ನೊಂದರ ಹಿಂದೆ ಅಡಗಿ ಕೂರಲಾರದು, ಕೂಡಲೇ ಕೆಲಸಕ್ಕೆ ಬರುತ್ತದೆ. ಬದುಕಿ ಉಳಿದ ಗಂಡು ಆ ಜೀನನ್ನು ತನ್ನ ಎಲ್ಲ ಹೆಣ್ಣು ಮಕ್ಕಳಿಗೂ ದಾಟಿಸುತ್ತದೆ. 10 ದಿನಕ್ಕೊಂದು ತಲೆಮಾರು ಬೇರೆ. ಇದುವರೆಗೆ 90ಕ್ಕೂ ಹೆಚ್ಚು ವಿಷಗಳಿಗೆ ಈ ಜಾತಿಯಲ್ಲಿ ನಿರೋಧ ದಾಖಲಾಗಿದೆ. ಒಂದೇ ಔಷಧಿಯನ್ನು ವಾರ ವಾರ ಹೊಡೆದು "ಏನೂ ಹಿಡೀತಿಲ್ಲ ಸಾರ್" ಅನ್ನುವವರ ತೋಟದಲ್ಲಿ ನಡೆಯುತ್ತಿರುವುದು ಹೆಚ್ಚಾಗಿ ಇದೇ.

ಸೊನ್ನೆ ನಂಬರಿನ ಬ್ರಷ್ಷಿನಿಂದ ಆ ಹೆಣ್ಣನ್ನು ಎತ್ತಿ ಬೇರೆ ಎಲೆಯ ಮೇಲೆ ಬಿಟ್ಟೆ. ಹೋಲಿಕೆಗೆ ಇರಲಿ ಅಂತ, ಮೂರನೇ ಜ್ವರದಲ್ಲಿದ್ದ ಇನ್ನೊಂದು ಹೆಣ್ಣನ್ನು ಗಂಡು ಹತ್ತುವ ಮುಂಚೆಯೇ ಎತ್ತಿ ಮತ್ತೊಂದು ಎಲೆಗೆ ಹಾಕಿದೆ. ಎರಡೂ ಒಂದೆರಡು ದಿನದಲ್ಲಿ ಮೊಟ್ಟೆ ಇಡಲು ಶುರು ಮಾಡಿದವು. ಮುತ್ತಿನ ಹಾಗೆ ದುಂಡಗಿನ ಮೊಟ್ಟೆಗಳು. ಹತ್ತು ಹನ್ನೆರಡು ದಿನ ಕಳೆದ ಮೇಲೆ ನೋಡಿದರೆ ಮೊದಲ ಎಲೆಯ ತುಂಬ ಗುಂಡಗಿನ ಹೆಣ್ಣುಗಳು, ನಡುನಡುವೆ ಕೆಲವೇ ಬಡಕಲು ಗಂಡು. ಸೊಟ್ಟ ಗೆದ್ದಿತ್ತು.

ಎರಡನೇ ಎಲೆಯಲ್ಲಿ ಒಂದೇ ಒಂದು ಹೆಣ್ಣು ಮಗು ಇರಲಿಲ್ಲ. ಹುಟ್ಟಿದವೆಲ್ಲ ಗಂಡು. ಕಾಯಲು ಜ್ವರದ ಹೆಣ್ಣಿಲ್ಲ, ಇರುವ ಪ್ರಾಯದ ಹೆಣ್ಣು ಒಂದೇ, ಹೆತ್ತ ತಾಯಿ. ಗಂಡು ಸಿಗದ ಹೆಣ್ಣು ತನ್ನ ಮಗನನ್ನೇ ಕೂಡಿ ಆಮೇಲೆ ಹೆಣ್ಣು ಮಕ್ಕಳನ್ನು ಹೆರುವುದು ಈ ಜಾತಿಯಲ್ಲಿ ದಾಖಲಾದ ಸಂಗತಿ. ಮರುದಿನ ಬೆಳಿಗ್ಗೆ ನೋಡಿದಾಗ ಎರಡು ಮಕ್ಕಳು ತಾಯಿಯ ಪಕ್ಕದಲ್ಲಿ ಮುಂಗಾಲು ಎತ್ತಿ ಎದುರುಬದುರು ನಿಂತಿದ್ದವು.